ನಾನು ಒತ್ತಿಸಿಕೊಂಡ ಹೆಬ್ಬೆಟ್ಟು

ಅವರು ತಮ್ಮ ಹಿಮ್ಮಡಿಗಳನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ಬೇಸಿಗೆ ಬಂತೆಂದರೆ ಹಿಮ್ಮಡಿ ಬತ್ತಿದ ಕೆರೆಯ ತಳದಂತೆ ಬಾಯಿ ಬಿಡುತ್ತಿತ್ತು. ಕೊಟ್ಟಿಗೆಯ ಮುಂದೆ ಕೂತು, ಚೀಲ ಹೊಲಿಯುವ ದೊಡ್ಡ ಸೂಜಿಗೆ ಎಣ್ಣೆ ಸವರಿದ ದಾರ ಪೋಣಿಸಿ, ಬಿರುಕಿನ ಎರಡೂ ಅಂಚು ಕೂಡಿಸಿ ಎಳೆಯುತ್ತಿದ್ದರು. “ನೋಯಂಗಿಲ್ಲೇನು?” ಎಂದು ನಾನು ಕೇಳಿದರೆ, “ಸತ್ತ ತೊಗಲು ಅವ್ವಾರ, ಅದಕ್ಕೇನು ಗೊತ್ತಾಕ್ಕೈತಿ” ಎನ್ನುತ್ತಿದ್ದರು. ಆಗ ನನಗೆ ಆರೇಳು ವರ್ಷ. ಅವರಿಗೆ ನನ್ನ ಅಪ್ಪನಷ್ಟು ವಯಸ್ಸು.

‘ಅವರು’ ಎಂದು ಈಗ ಬರೆಯುತ್ತಿದ್ದೇನೆ. ಬದುಕಿದ್ದಾಗ ನಮ್ಮ ಮನೆಯಲ್ಲಿ ಯಾರೂ, ಆಗಷ್ಟೇ ಮಾತು ಕಲಿತ ಮಗು ಕೂಡ, ಅವರನ್ನು ಬಹುವಚನದಲ್ಲಿ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಹಡಗಲಿಯಿಂದ ಮಾಗಳದ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಅವರು ನಮ್ಮ ಮನೆಯ ಜೀತದಾಳು. ಅವರ ತಂದೆ ಯಾವುದೋ ಬರಗಾಲದಲ್ಲಿ ನನ್ನ ಅಜ್ಜನ ಹತ್ತಿರ ಜೋಳ ಸಾಲ ತಂದಿದ್ದರಂತೆ. ಎಷ್ಟು ಜೋಳ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ತಂದೆ ತೀರಿಕೊಂಡ ಮೇಲೆ, ಇನ್ನೂ ಮೀಸೆ ಮೂಡದ ಇವರು ಬಂದು ಸೆಗಣಿ ಬಾಚತೊಡಗಿದರು. ಆಮೇಲೆ ಎಲ್ಲಿಗೂ ಹೋಗಲಿಲ್ಲ. ವರ್ಷಕ್ಕೆರಡು ಜೊತೆ ಬಟ್ಟೆ, ಹೊತ್ತಿಗೆ ರೊಟ್ಟಿ. ಅವರ ತಟ್ಟೆಯನ್ನು ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿರುತ್ತಿದ್ದರು. ನಮ್ಮ ಮಲ್ಲಿಗೆ ತೋಟದ ಒಂದೊಂದು ಪಾತಿಯೂ ಅವರ ಸಲಿಕೆಯದ್ದು. ನಸುಕಿನಲ್ಲಿ ಬಿಡಿಸಿದ ಮೊಗ್ಗನ್ನು ತಂದು ಹೊಸ್ತಿಲಾಚೆ ನಿಂತು, ಅವ್ವ ಹಿಡಿದ ಮೊರಕ್ಕೆ ಮೇಲಿಂದ ಸುರಿಯುತ್ತಿದ್ದರು. ಮೊರ ಅವರ ಕೈಗೆ ತಾಕಬಾರದಿತ್ತು.

ಕೆಲಸ ತಡವಾಯಿತೆಂದು ಅಪ್ಪ ಬೈದರೆ ಅವರು ಎದುರಾಡುತ್ತಿರಲಿಲ್ಲ. ಅಪ್ಪ ಒಳಗೆ ಹೋದ ಮೇಲೆ ಎತ್ತುಗಳಿಗೆ ಹೇಳುವಂತೆ, “ಹೊತ್ತೇನು ಯಾರ ಮನಿ ಆಳಲ್ಲ, ತಾನಾಗೇ ಮುಣಗತೈತಿ” ಎನ್ನುತ್ತಿದ್ದರು. ಅದು ತಮಾಷೆಯೋ ಸಿಟ್ಟೋ ಎಂದು ನನಗೆ ಕೊನೆಗೂ ತಿಳಿಯಲಿಲ್ಲ.

ನಾನು ಹೈಸ್ಕೂಲಿಗೆ ಸೇರುವ ದಿನ ಹಳ್ಳ ತುಂಬಿ ಬಂದಿತ್ತು. ಅವರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸೊಂಟಮಟ್ಟದ ನೀರಿಗೆ ಇಳಿದರು. ನನ್ನದೇ ವಯಸ್ಸಿನ ಅವರ ಮಗಳು ನಮ್ಮ ಕರುಗಳನ್ನು ಹೊಡೆದುಕೊಂಡು ದಂಡೆಯಲ್ಲಿ ನಿಂತಿದ್ದಳು. “ನಿನ್ನ ಮಗಳ್ನೂ ಸಾಲಿಗಿ ಕಳಸು” ಎಂದು ನಾನು ಹೆಗಲ ಮೇಲಿಂದ ದೊಡ್ಡವಳಂತೆ ಹೇಳಿದೆ. “ನಿಮ್ಮ ಮನಿ ಕರ ಯಾರು ಕಾಯ್ಬೇಕ್ರಿ ಅವ್ವಾರ?” ಎಂದು ನಕ್ಕರು. ನಾನೂ ನಕ್ಕೆ.

ಮಲ್ಲಿಗೆಯ ಆದಾಯದಲ್ಲೇ ಓದಿ ನಾನು ಶಿಕ್ಷಕಿಯಾದೆ. ನಮ್ಮೂರ ಶಾಲೆಗೇ ಬಂದೆ. ತೊಂಬತ್ತರ ದಶಕದ ಕೊನೆಗೆ ಜೀತದಾಳುಗಳನ್ನು ಗುರುತಿಸುವ ಸಮೀಕ್ಷೆ ಬಂತು. ನಮ್ಮೂರಿನ ಫಾರಂ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಕೆಲಸ ಶುರುವಾಗುವ ಹಿಂದಿನ ಸಂಜೆ ಅಪ್ಪ ಇಷ್ಟೇ ಹೇಳಿದರು: “ಬರದ್ರ ಕೇಸಾಕ್ಕೈತವ್ವ. ಮುಂದ ನಿನ್ನ ಲಗ್ನ ಐತಿ. ಯೋಚನಿ ಮಾಡು.”

ಮರುದಿನ ಅವರು ತಾವಾಗಿಯೇ ಶಾಲೆಗೆ ಬಂದರು. ಒಗೆದ ಅಂಗಿ ತೊಟ್ಟಿದ್ದರು. ಜಗಲಿಯಲ್ಲಿ ನಾವಿಬ್ಬರೇ. ಅಪ್ಪ ಇರಲಿಲ್ಲ, ನನ್ನನ್ನು ಯಾರೂ ತಡೆಯುತ್ತಿರಲಿಲ್ಲ. ಇದನ್ನು ನಾನು ಎಂದೂ ಮರೆಯಬಾರದು.

“ಅವ್ವಾರ, ನನ್ನ ಹೆಸರು ಬರೀರಿ” ಎಂದರು. “ಬಿಡುಗಡಿ ಕಾಗದ ಕೊಡ್ತಾರಂತ. ಅದಿದ್ರ ಮನಿ ಕಟ್ಟಾಕ ಸರಕಾರ ಏನಾರ ಕೊಡತೈತಂತ. ನನಗಲ್ರಿ, ಮಗಳಿಗೆ.”

ಅಷ್ಟು ವರ್ಷಗಳಲ್ಲಿ ಅವರು ನಮ್ಮ ಮನೆಯವರ ಹತ್ತಿರ ಕೇಳಿದ್ದು ಅದೊಂದೇ. ನಾನು ಬರೆದೆ: ದಿನಗೂಲಿ. ಸ್ವಂತ ಇಚ್ಛೆಯಿಂದ ದುಡಿಯುತ್ತಾರೆ. ಕೂಲಿ ಸರಿಯಾಗಿ ಸಿಗುತ್ತಿದೆ.

“ಬರದ್ರ್ಯಾ?”

“ಬರದೀನಿ” ಎಂದೆ. ಶಾಯಿಯ ಡಬ್ಬಿ ಮುಂದಿಟ್ಟೆ. ಎಲ್ಲಿ ಒತ್ತಬೇಕೆಂದು ಅವರಿಗೆ ತಿಳಿಯದೆ ಬೆರಳು ಗಾಳಿಯಲ್ಲಿ ತೂಗಿತು. ನಾನೇ ಅವರ ಹೆಬ್ಬೆರಳನ್ನು ಹಿಡಿದು ಫಾರಂ ಮೇಲೆ ಒತ್ತಿದೆ. ಅವರ ಹೆಗಲೇರಿದ್ದೆನಾದರೂ, ನಮ್ಮ ಮನೆಯವರೊಬ್ಬರು ಅವರ ಕೈ ಮುಟ್ಟಿದ್ದು ಪ್ರಾಯಶಃ ಅದೇ ಮೊದಲು.

ಆ ಮಳೆಗಾಲದಲ್ಲಿ ಮೂರು ಸಲ ಕೇಳಿದರು. “ಕಾಗದ ಬಂತೇನ್ರಿ?” ಮೂರು ಸಲವೂ “ಬರತೈತಿ” ಎಂದೆ. ಆಮೇಲೆ ಕೇಳುವುದನ್ನು ಬಿಟ್ಟರು.

ಅವರ ಮಗಳು ಅಷ್ಟರಲ್ಲಿ ವಯಸ್ಕರ ಶಿಕ್ಷಣದ ತರಗತಿಯಲ್ಲಿ ಓದಲು ಕಲಿತಿದ್ದಳು. ಊರಿನ ಮಹಿಳಾ ಸಂಘದವರೊಂದಿಗೆ ತಾಲೂಕು ಕಚೇರಿಗೆ ಹೋಗಿ, ಗುಮಾಸ್ತನನ್ನು ಕಾಡಿ ಫಾರಂ ತೆಗೆಸಿ ಓದಿದಳು. ಮಗಳಿಂದ ತಿಳಿದು, ಮರುದಿನ ಬೆಳಿಗ್ಗೆ ಅವರೊಬ್ಬರೇ ಬಂದು ನನ್ನನ್ನು ಶಾಲೆಯ ಗೇಟಿನ ಹತ್ತಿರ ತಡೆದರು.

“ನೀವು ಬರದಿಲ್ಲ ಅಂತ ನನಗ ಸಿಟ್ಟಿಲ್ರಿ” ಎಂದರು. “ಅಪ್ಪನ ಮಾತು ಮೀರಿ ಹೆಂಗ ಬರೀತಾರ ಅಂತ ಮಗಳಿಗೆ ನಾನ ಹೇಳಿದೆ. ಆದ್ರ ಹೆಬ್ಬೆಟ್ಟು ಯಾಕ ಒತ್ತಿಸ್ಕೊಂಡ್ರಿ? ಬರಿಯಂಗಿಲ್ಲ ಅಂದಿದ್ರ ಸುಮ್ನ ಹೋಗ್ತಿದ್ದೆ. ನನ್ನ ಕೈಲೇ ಸುಳ್ಳು ಹೇಳಿಸಿದ್ರಲ್ರೀ.”

ಬೆಲ್ ಹೊಡೆಯಿತು. “ಮಕ್ಕಳು ಕಾಯ್ತಾವು, ಹೋಗ್ರಿ” ಎಂದು ಅವರೇ ದಾರಿ ಬಿಟ್ಟರು.

ಅದೇ ವಾರ ಅವರು ನಮ್ಮ ಮನೆ ಬಿಟ್ಟರು. ಬೆಳಿಗ್ಗೆ ಎತ್ತಿಗೆ ನೀರು ಕುಡಿಸಿ, ಮಾಡಿನಿಂದ ತಟ್ಟೆ ತೆಗೆದುಕೊಂಡು, ಪಡಸಾಲೆಯಲ್ಲಿದ್ದ ಅಪ್ಪನಿಗೆ “ಹೋಗ್ತೀನ್ರಿ” ಎಂದರು. ಅಪ್ಪ ಕೂಗಾಡಿದರು. ಅವರು ತಿರುಗಿ ನೋಡಲಿಲ್ಲ. ಯಾವ ಕಾಗದವೂ ಇಲ್ಲದೆ ತಮ್ಮನ್ನು ತಾವೇ ಬಿಡಿಸಿಕೊಂಡು ನಡೆದರು. ಹೆಂಡತಿ ಮೊದಲೇ ತೀರಿಕೊಂಡಿದ್ದರು. ಮಗಳೊಂದಿಗೆ ಹರಪನಹಳ್ಳಿಗೆ ಹೋಗಿ ಇಬ್ಬರೂ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ನಿಂತರು.

“ಅಜ್ಜನ ಕಾಲದ್ದಕ್ಕ ನಾವೇನು ಮಾಡಾಕಾಗ್ತೈತಿ?” ಎಂದು ನನ್ನ ಅಣ್ಣ ಇಂದಿಗೂ ಕೇಳುತ್ತಾನೆ. ಅವನಿಗೆ ಆ ಮಾತಿನಲ್ಲಿ ಸಮಾಧಾನವಿದೆ. ನನಗಿಲ್ಲ. ಜೋಳ ಕೊಟ್ಟದ್ದು ಅಜ್ಜ, ದುಡಿಸಿಕೊಂಡದ್ದು ಅಪ್ಪ. ಆದರೆ ಜೀತ ರದ್ದು ಮಾಡುವ ಕಾನೂನು ಬಂದು ಎಷ್ಟೋ ವರ್ಷಗಳಾದ ಮೇಲೆ, ಸಂಬಳದ ಪೆನ್ನು ಹಿಡಿದು ಅದನ್ನು ಮುಂದುವರಿಸಿದ್ದು ನಾನು. ತೋಟದ ಮಲ್ಲಿಗೆ ಮಾರಿ ಕಲಿಸಿದ ಅಕ್ಷರದಲ್ಲೇ.

ಅಪ್ಪ ತೀರಿಹೋದ ಮೇಲೆ, ಆ ಫಾರಂ ಸುಳ್ಳೆಂದು ತಾಲೂಕು ಕಚೇರಿಗೆ ಬರೆದುಕೊಡಬೇಕೆಂದು ಹಲವು ಸಲ ಕೂತೆ. ನೌಕರಿ ಹೋದೀತೆಂದು ಹೆದರಿ ಬರೆದದ್ದನ್ನು ಹರಿದುಹಾಕಿದೆ. ಇನ್ನೂ ಯೋಚಿಸುತ್ತಿದ್ದಾಗಲೇ, ಅವರು ತೀರಿಕೊಂಡ ಸುದ್ದಿ ಬಂತು.

ಹರಪನಹಳ್ಳಿಗೆ ಹೋದೆ. ತಗಡಿನ ಮನೆಯ ಮುಂದೆ, ನಮ್ಮ ಕಡೆಯ ರೂಢಿಯಂತೆ, ಅವರ ದೇಹವನ್ನು ಕೂರಿಸಿದ್ದರು. ಭಟ್ಟಿಯ ಹೆಂಗಸರು ಸುತ್ತ ಕೂತಿದ್ದರು. ಒಬ್ಬ ಮುದುಕಿ ನನ್ನ ಸೀರೆಯನ್ನು, ಬ್ಯಾಗನ್ನು ನೋಡಿ ಕೇಳಿದಳು, “ನೀವು ಯಾರಾಗಬೇಕ್ರಿ?”

“ಅವರ ಊರಿನಾಕಿ” ಎಂದೆ.

ತಂದೆಯ ಕಾಲ ಬಳಿ ಕೂತಿದ್ದ ಮಗಳು ತಲೆ ಎತ್ತಿದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. “ಊರಿನಾಕಿ ಅಲ್ಲಬೇ. ನಮ್ಮಪ್ಪ ಜೀತ ಇದ್ದ ಮನಿಯವ್ರು. ಖರೇ ಹೇಳ್ರಿ ಅಕ್ಕಾರ.”

ಎಲ್ಲರೂ ನನ್ನನ್ನೇ ನೋಡಿದರು.

“ಹೌದು” ಎಂದೆ. “ಹುಡುಗ ಇದ್ದಾಗಿಂದ ನಮ್ಮ ಮನ್ಯಾಗ ಜೀತ ಇದ್ರು. ನಾನ ಗೊತ್ತಿದ್ದೂ ಬರೀಲಿಲ್ಲ.”

ಮುದುಕಿ ಸರಿದು ಜಾಗ ಕೊಡಲಿಲ್ಲ, ನಾನೂ ಕೇಳಲಿಲ್ಲ. ಅವರನ್ನು ಎತ್ತುವವರೆಗೂ ನಿಂತೇ ಇದ್ದೆ.