ಅಕ್ಕನ ಜ್ವರವನ್ನು ಹುಡುಕಿದ ದಿನ

ಹಿಂದೆ ತೆರೆದ ಪುಟಗಳನ್ನು ದಿನಾಂಕದೊಡನೆ ಹುಡುಕಿಕೊಡುವ ಆ್ಯಡ್-ಆನ್ ಒಂದನ್ನು ಬ್ರೌಸರಿಗೆ ಸೇರಿಸಿದೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ.

ಹೋದ ವರ್ಷ ಕೊಪ್ಪದ ಅಕ್ಕ, ಕೊಟ್ಟಿಗೆಗೆ ಹಾಸಲು ಕಾಡಿನಿಂದ ತರಗೆಲೆ ತಂದವಳು, ಉಣ್ಣಿ ಹುಳು ಕಚ್ಚಿ ಜ್ವರ ಹಿಡಿದು ಮಲಗಿದಳು. “ಉಣುಗು ಕಚ್ಚಿತ್ತು ಮಾರಾಯ. ಇದೆಂತ ಜ್ವರ ಅಂತ ಕಂಪ್ಯೂಟರಲ್ಲಿ ನೋಡಿ ಹೇಳು. ಅಷ್ಟು ಓದಿದ್ದು ಎಂತಕ್ಕೆ?” ಎಂದು ಭಾನುವಾರ ಫೋನಿನಲ್ಲಿ ನಕ್ಕಳು. ಶುಕ್ರವಾರ ತೀರಿಕೊಂಡಳು. ಕೂಡಲೇ ಹುಡುಕಿ ಆಸ್ಪತ್ರೆಗೆ ಹೋಗಲು ಹೇಳಿದ್ದೆ, ಅವಳೇ ತಡಮಾಡಿದಳು ಎಂದು ಭಾವನಿಗೆ ಹೇಳಿದ್ದೆ.

ಈಗ ‘ಉಣುಗು’ ಎಂದು ಹುಡುಕಿದರೆ ಬಂದದ್ದು ಒಂದೇ ಪುಟ, ಗುರುವಾರ ಸಂಜೆಯದು. ಭಾನುವಾರ ನಾನು ನೋಡಿದ್ದು ಶೂ ಮಾರುವ ಪುಟಗಳನ್ನು.

ಸುಳ್ಳು ಹೇಳಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಭಾವ ಇನ್ನೂ ಅವಳ ಹಠವನ್ನೇ ಬೈಯುತ್ತಾರೆ. ನಾಳೆ ಕೊಪ್ಪಕ್ಕೆ ಹೋಗಿ ಹೇಳಬೇಕು.