ಬೀಗರು ಬರುವ ಮೊದಲು ಬುದ್ಧ

ಆಗ ನಾನು ಜಮಖಂಡಿಯ ಕಾಲೇಜೊಂದರಲ್ಲಿ ಗ್ರಂಥಪಾಲಕ. ಊರಿನ ಜ್ಞಾನವೆಲ್ಲ ನನ್ನ ಬೀಗದ ಕೈಯಲ್ಲಿದೆ ಎಂದು ನಂಬಿದ್ದೆ. ಒಂದು ದಿನ ಹುನ್ನೂರಿನ ಗೆಳೆಯ ಬಂದ. ಬೀರೇಶ್ವರನ ಭಕ್ತ, ಕುರಿ ಸಾಕುವವನು. ಮಗಳನ್ನು ಬನಹಟ್ಟಿಯ ಬೌದ್ಧರ ಮನೆಗೆ ಕೊಡುವುದು ನಿಶ್ಚಯವಾಗಿತ್ತು.

"ಮುಂದಿನ ತಿಂಗಳ ಬೀಗರು ಬರತಾರ್ರಿ. ಅವರ ಮುಂದ ನಾಕ ಮಾತ ಆಡಾಕ ಬರಬೇಕು, ಮಗಳ ಮಾನದ ಪ್ರಶ್ನೆ. ಬುದ್ಧನ ಪುಸ್ತಕ ಒಂದ ಕೊಡ್ರಿ."

ನಾನು ಬಹಳ ಯೋಚಿಸಿ, ಬಂಗಾರದ ಅಕ್ಷರಗಳಿದ್ದ ದಪ್ಪನೆಯ ತತ್ತ್ವಗ್ರಂಥವನ್ನೇ ಕೊಟ್ಟೆ. ಎರಡು ವಾರ ಬಿಟ್ಟು ಅವನ ಮನೆಗೆ ಹೋದರೆ ಗ್ರಂಥ ದೇವರ ಜಗಲಿಯ ಮೇಲೆ, ಮೈತುಂಬ ಭಂಡಾರದ ಅರಿಶಿನ ಹಚ್ಚಿಕೊಂಡು ಕೂತಿತ್ತು. ಮುಂದೆ ಒಡೆದ ತೆಂಗಿನಕಾಯಿ.

"ಎಷ್ಟ ಓದಿದಿ?" ಎಂದೆ.

"ಜಗಲಿ ಮ್ಯಾಲಿಂದು ಇಳಿಸಿ ಓದಾಕ ಬರತೈತೇನ್ರಿ?"

ಅವನ ಹೆಂಡತಿ ಒಳಗಿನಿಂದಲೇ, "ದಿನಾ ಜಳಕಾ ಮಾಡಿ ಕೈ ಮುಗಿತಾರ್ರಿ, ಅಷ್ಟ," ಎಂದಳು.

ತಪ್ಪು ನನ್ನದೇ. ಮರುದಿನ ಯಾರಿಗೂ ಭಕ್ತಿ ಬಾರದಂಥ ಬುದ್ಧನ ಪುಸ್ತಕವೊಂದನ್ನು ಹುಡುಕಿ ಕೊಟ್ಟೆ: ತೆಳ್ಳನೆಯದು, ರಟ್ಟು ಹರಿದದ್ದು, ಚಹಾದ ಕಲೆಯದು. ಕುರಿ ಮೇಯಿಸುತ್ತಲೇ ಅದನ್ನು ನಾಲ್ಕು ದಿನದಲ್ಲಿ ಓದಿ ಮುಗಿಸಿದ.

ಬೀಗರು ಬಂದ ದಿನ ನಾನೂ ಇದ್ದೆ. ಗೆಳೆಯ ಹರಕು ಪುಸ್ತಕ ಕೈಯಲ್ಲಿ ಹಿಡಿದು, ಗಂಟಲು ಸರಿಪಡಿಸಿಕೊಂಡು, "ಆಸೇನ ದುಃಖಕ್ಕ ಮೂಲ ಅಂತಾನಲ್ರಿ ಬುದ್ಧ, ಹೊಟ್ಟಿ ಹಸಿವೂ ಆಸ್ಯಾಗ ಬರತೈತೇನ್ರಿ?" ಎಂದು ಕೇಳಿಯೇಬಿಟ್ಟ.

ಬೀಗರು ಕೈಯಲ್ಲಿದ್ದ ಹೋಳಿಗೆ ಕೆಳಗಿಟ್ಟು ಹೆಂಡತಿಯ ಮುಖ ನೋಡಿದರು, ಜಗಲಿಯ ಮೇಲಿನ ದಪ್ಪ ಗ್ರಂಥವನ್ನೂ ನೋಡಿದರು. ಆಮೇಲೆ ಜೋರಾಗಿ ನಕ್ಕರು. "ಖರೆ ಹೇಳ್ತೇನ್ರಿ ಬೀಗರ, ನಮ್ಮ ಮನ್ಯಾಗೂ ದಪ್ಪಂದ ಐತಿ, ಹೂವ ಏರಸ್ತೇವಿ. ನಿಮ್ಮ ಹರಕ ಪುಸ್ತಕ ಎರಡ ದಿನ ಕೊಡ್ರಿ."

ಪುಸ್ತಕ ಅಂದೇ ಬನಹಟ್ಟಿ ಬಸ್ಸು ಹತ್ತಿತು. ಎರಡು ತಿಂಗಳ ಮೇಲೆ ಮಗಳೂ ಹೋದಳು. ಎರಡೂ ಜೀವಗಳು ಅಲ್ಲಿ ಸುಖವಾಗಿವೆಯೆಂದು ಕೇಳಿದ್ದೇನೆ.