ಲಗಮವ್ವನ ಅರ್ಧ ಪ್ರಾರ್ಥನೆ

ವಿಜಯಪುರದಲ್ಲಿ ಬೆಳಿಗ್ಗೆ ಏಳಕ್ಕೆ ಬಸ್ ಹತ್ತಿದೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಶೂನ್ಯ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ನಾನು ಆದರೂ ದುಡ್ಡು ಚಾಚಿದೆ. "ಹೆಣ್ಮಕ್ಕಳಿಗೆ ಫ್ರೀ ಐತ್ರಿ ಅಮ್ಮಾರ, ಇಟಗೋರಿ" ಎಂದು ನಕ್ಕ. ಪುಕ್ಕಟೆ ಸಿಕ್ಕಿದ್ದು ನನಗೆ ಮೊದಲಿನಿಂದಲೂ ಒಗ್ಗದು. ಗಡಿಯ ತನಕ ಮುಜುಗರದಿಂದಲೇ ಕುಳಿತಿದ್ದೆ.

ಗಡಿಯಾಚೆ ಜತ್ತ ತಾಲ್ಲೂಕು. ಅಂಗಡಿಯ ಬೋರ್ಡುಗಳೆಲ್ಲ ಮರಾಠಿ, ಅಂಗಡಿಯೊಳಗಿನ ಜಗಳವೆಲ್ಲ ಕನ್ನಡ. ಕ್ರಾಸಿನಲ್ಲಿ ಇಳಿದು ವಡಾಪ್ ಹುಡುಕಿದೆ. ಸೀಟು ತುಂಬುವವರೆಗೆ ಹೊರಡದ ಜೀಪಿಗೆ ಆ ಕಡೆ ವಡಾಪ್ ಎನ್ನುತ್ತಾರೆ. ಡ್ರೈವರ್ ಮೊದಲು ಮರಾಠಿಯಲ್ಲಿ ಕೇಳಿ, ನನ್ನ ಮುಖ ನೋಡಿ ಕನ್ನಡಕ್ಕೆ ಬಂದ. "ತಿಕೋಂಡಿಗೇನ್ರಿ ಆಯಿ? ಹತ್ರಿ, ಲಗೂನ ಬಿಡತೇನಿ." ಮೂವತ್ತು ರೂಪಾಯಿ ತೆಗೆದುಕೊಂಡ. 'ಲಗೂನ' ಎಂದರೆ ಮುಕ್ಕಾಲು ತಾಸು. ಜೀಪು ಹೊರಟ ಮೇಲೂ ಕುರಿಹಿಂಡೊಂದು ಅಡ್ಡ ಬಂದು ಮತ್ತೆ ಹತ್ತು ನಿಮಿಷ ನಿಂತೆವು. ಮಾರ್ಚ್ ತಿಂಗಳು, ಒಂಬತ್ತೂವರೆಗೇ ಬಿಸಿಲು ನೆತ್ತಿ ಸುಡುತ್ತಿತ್ತು.

ಇಷ್ಟಕ್ಕೂ ಹೊರಟಿದ್ದೇಕೆ ಎಂದು ಹೇಳಬೇಕು. ನಾನು ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಭಾನುವಾರಗಳಲ್ಲಿ ನಮ್ಮ ಕ್ರೈಸ್ತ ಸಭೆಯ ಕಡೆಯಿಂದ ಹಳ್ಳಿಗಳಿಗೆ ಹೋಗಿ, ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿಗೆ ಪಾಠ ಹೇಳುತ್ತಿದ್ದೆ. ಕರ್ತನ ಪ್ರಾರ್ಥನೆ ಒಂದಕ್ಷರ ತಪ್ಪದೆ ಬಾಯಿಪಾಠ ಬರಬೇಕು ಎಂಬುದು ನನ್ನ ಕಟ್ಟಳೆ. ಸಭೆ ಅದನ್ನು ಕೇಳಿರಲಿಲ್ಲ, ನಾನೇ ಹಾಕಿದ್ದು.

ಹೋದ ವರ್ಷ ನನಗೆ ಲಕ್ವಾ ಹೊಡೆಯಿತು. ಕೈ ಸರಿಹೋಯಿತು, ಮಾತೂ ಮರಳಿತು. ಬೈಗುಳ ಒಂದೂ ಕಳೆದಿಲ್ಲ ಎಂದು ಮನೆಯವರು ಈಗಲೂ ನಗುತ್ತಾರೆ. ಆದರೆ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕುಳಿತರೆ, ದಿನದ ರೊಟ್ಟಿ ಬೇಡುವ ಮಾತಿಗೆ ಬಂದು ನಾಲಿಗೆ ನಿಂತುಬಿಡುತ್ತದೆ. ಪುಸ್ತಕ ಹಿಡಿದರೆ ಓದಬಲ್ಲೆ. ಓದುವುದು ಬೇರೆ, ಬೇಡುವುದು ಬೇರೆ. ನಸುಕಿನಲ್ಲಿ ಎದ್ದು ದೇವರೊಡನೆ ಕುಳಿತಿರುತ್ತಿದ್ದ ಆ ಹೊತ್ತಿಗಾಗಿ ನಾನು ಹಂಬಲಿಸಿದಷ್ಟು, ಮದುವೆಯಾದ ಹೊಸದರಲ್ಲಿ ತವರಿಗಾಗಿಯೂ ಹಂಬಲಿಸಿರಲಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಎಂದು ಮನಸ್ಸು ಚುಚ್ಚಿದಾಗ ನೆನಪಾದವಳು ತಿಕೋಂಡಿಯ ಲಗಮವ್ವ. ಕೂಲಿ ಮಾಡುವ ಹೆಂಗಸು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹದಿನೆಂಟು ವರ್ಷದ ಹಿಂದೆ ಅವಳನ್ನು 'ಪೂರಾ ಬಂದ ಮೇಲೆ ಬಾ' ಎಂದು ಮೂರು ಸಲ ಹಿಂದಕ್ಕೆ ಕಳಿಸಿದ್ದೆ. ಆಮೇಲೆ ಆ ಊರಿನ ಪಾಠ ಬೇರೆಯವರ ಪಾಲಾಯಿತು. ಅವಳಿಗೆ ದೀಕ್ಷಾಸ್ನಾನವಾಯಿತೋ ಇಲ್ಲವೋ, ನಾನು ವಿಚಾರಿಸಲೂ ಇಲ್ಲ. ಈಗ ಹೋಗಿ ಕ್ಷಮೆ ಕೇಳಿದರೆ ನನ್ನ ಬಾಯಿಯ ಬೀಗ ತೆಗೆದೀತು ಎಂಬ ಆಸೆ ಹುಟ್ಟಿತು.

ತಿಕೋಂಡಿ ತಲುಪಿದಾಗ ಲಗಮವ್ವನ ಮನೆಯ ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲೆ ಎರಡು ತಾಸು ಕಾದೆ. ಮಧ್ಯಾಹ್ನ ದಾಳಿಂಬೆ ತೋಟದ ಕೆಲಸ ಮುಗಿಸಿ, ಮುಳ್ಳು ಗೀರಿದ ಕೈಯಲ್ಲಿ ಬುತ್ತಿಯ ಗಂಟು ಹಿಡಿದು ಬಂದಳು. ಕೂದಲು ಪೂರ್ತಿ ಹಣ್ಣಾಗಿತ್ತು.

"ಯಾರು, ನಮ್ಮ ಬಾಯಾರೇನ್ರಿ? ಅಯ್ಯ, ಬಿಸಲಾಗ ಎಷ್ಟೊತ್ತು ಕುಂತೀರಿ! ಬರ್ರಿ, ಒಳಗ ಬರ್ರಿ." ಆ ಕಡೆ ಮಾಸ್ತರಿಕೆ ಮಾಡುವ ಹೆಂಗಸರು ಬಾಯಾರು. ಕಾಲಿಗೆ ನೀರು ಕೊಟ್ಟಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹಾಕಿ ಎದುರಿಗೇ ಕುಳಿತಳು.

"ದೀಕ್ಷಾಸ್ನಾನ ಯಾವಾಗ ಆತು ಲಗಮವ್ವ?" ಎಂದು ಕೇಳಿದೆ.

"ಎಲ್ಲೀದ್ರಿ. ಪಾಸ್ಟರ್ ಇಬ್ಬರು ಬದಲಾದ್ರು. ಇಬ್ಬರೂ ತಗೋ ಅಂದ್ರು, ನಾನ ಒಲ್ಲೆ ಅಂದೆ. ಪೂರಾ ಬಂದಮ್ಯಾಲ ಅಂತ ನೀವು ಹೇಳಿದ್ರೆಲ್ರಿ. ಇನ್ನೂ ಪೂರಾ ಬಂದಿಲ್ಲ."

ದೀಕ್ಷಾಸ್ನಾನವಾಗದವರಿಗೆ ಕರ್ತನ ಭೋಜನವಿಲ್ಲ. ಹದಿನೆಂಟು ವರ್ಷ, ಕರ್ತನ ಭೋಜನದ ರೊಟ್ಟಿ, ಪಾತ್ರೆ ತನ್ನ ಮುಂದೆ ಹಾದುಹೋಗುವಾಗ ಈ ಹೆಂಗಸು ಕೈಕಟ್ಟಿ ಕುಳಿತಿದ್ದಳು. ನಾನು ಅಷ್ಟು ವರ್ಷವೂ ಮುಂದಿನ ಸಾಲಿನಲ್ಲಿ ಕುಳಿತು ತಿಂದಿದ್ದೆ.

ನನ್ನ ಕಾಯಿಲೆಯ ಸಂಗತಿ ಹೇಳಿದೆ. ಅವಳು ನಗಲಿಲ್ಲ. "ಹೇಳೂನ ಬರ್ರಿ, ಇಬ್ಬರೂ ಕೂಡಿ" ಎಂದು ನನ್ನ ಮಣಿಕಟ್ಟು ಹಿಡಿದಳು. ಕಣ್ಣು ಮುಚ್ಚಿದೆವು. ರೊಟ್ಟಿಯ ಮಾತಿಗೆ ನಾನು ನಿಂತೆ. ಅವಳು ನಿಲ್ಲಲಿಲ್ಲ. ಅವಳ ಹಿಂದೆ ಹಿಂದೆಯೇ ತಪ್ಪು ಕ್ಷಮಿಸೆಂದು ಬೇಡುವ ಮಾತಿನವರೆಗೆ ಹೋದೆ. ಅಲ್ಲಿ ಅವಳೂ ನಿಂತಳು.

"ಮುಂದ?" ಎಂದೆ. ಹಳೆಯ ಚಾಳಿ.

"ಮುಂದ ನನಗ ಬರೂದಿಲ್ರಿ. ದಿನಾ ಇಲ್ಲೀತನಕಾ ಬಂದು ಸುಮ್ನ ಕುಂದರತೇನಿ. ನನ್ನಪ್ಪಾ, ಉಳಿದದ್ದು ನೀನ ಅನಕೋ ಅಂತೇನಿ."

"ಅಂವಾ ಅನಕೋತಾನೇನ?"

"ಕೂಸು ಅರ್ಧಾ ಮಾತ ಆಡಿದ್ರ ಅವ್ವಗ ತಿಳಿಯೂದಿಲ್ಲೇನ್ರಿ?"

ನನಗೆ ಅಳು ತಡೆಯಲಾಗಲಿಲ್ಲ. "ಆ ಕಟ್ಟಳೆ ನಂದು, ದೇವರದಲ್ಲ. ನಂದ ತಪ್ಪಾತು ಲಗಮವ್ವ, ಕ್ಷಮಾ ಮಾಡ್ರಿ" ಎಂದೆ. ಅವಳನ್ನು ನಾನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅಂಗಳಕ್ಕೆ ಬಂದು ಈಗಿನ ಪಾಸ್ಟರಿಗೆ ಫೋನು ಹಚ್ಚಿ, ನಡೆದದ್ದೆಲ್ಲ ಹೇಳಿದೆ. ಬರುವ ತಿಂಗಳ ಮೊದಲ ಭಾನುವಾರ ಅವಳ ದೀಕ್ಷಾಸ್ನಾನ ಎಂದು ನಿಶ್ಚಯವಾಯಿತು.

ಲಗಮವ್ವ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ಹಂಗಾರ ನಾ ಪಾಸಾದ್ನೇನ್ರಿ ಬಾಯಾರ?"

"ಪರೀಕ್ಷಾನ ಇರಲಿಲ್ಲವ್ವ" ಎಂದೆ. "ನಾನ ಇಟ್ಟಿದ್ದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಒಂದು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಚಹಾ ಮಾಡಿದಳು.

ನಾಲ್ಕಕ್ಕೆ ತಿರುಗಿ ವಡಾಪ್ ಸಿಕ್ಕಿತು. ಲಗಮವ್ವ ರಸ್ತೆಯ ತನಕ ಬಂದು, ಜೀಪು ತಿರುವು ದಾಟುವವರೆಗೆ ಬಿಸಿಲಲ್ಲೇ ನಿಂತಿದ್ದಳು. ನಾನು ಕಣ್ಣು ಮುಚ್ಚಿ ಮತ್ತೆ ಶುರುಮಾಡಿದೆ. ರೊಟ್ಟಿಯ ಮಾತಿಗೆ ಬಂದು ನಾಲಿಗೆ ಮತ್ತೆ ನಿಂತಿತು. ಬೀಗ ತೆಗೆದಿರಲಿಲ್ಲ. ಆಗ ಯಾವ ಪುಸ್ತಕದಲ್ಲೂ ಇಲ್ಲದ, ಯಾರಿಗೂ ನಾನು ಕಲಿಸಿರದ ಮಾತಿನಲ್ಲಿ ಬೇಡಿಕೊಂಡೆ: "ಅಪ್ಪಾ, ಆ ಭಾನುವಾರದ ತನಕಾ ನನ್ನ ಜೀವಂತ ಇಡು. ಆಕಿ ತಲಿ ಮ್ಯಾಲ ನೀರ ಬೀಳೂದ ನಾ ನೋಡಬೇಕು."